ಟ್ರೇಲರ್ ಎಳೆಯೋ ಡೀಸೆಲ್ ಟ್ರಕ್ಕಿಗೆ ಟ್ಯೂನರ್ ಹುಡುಕಿದ್ದು

ನನ್ನ ಹತ್ರ ಇರೋದು 2016ರ ರ‍್ಯಾಮ್ 2500. ಕಮಿನ್ಸ್ 6.7 ಲೀಟರ್ ಡೀಸೆಲ್ ಇಂಜಿನ್ನು, 68ಆರ್‌ಎಫ್‌ಇ ಅನ್ನೋ ಆರು ಗೇರಿನ ಆಟೋಮ್ಯಾಟಿಕ್. ಕಂಪನಿಯಿಂದ ಬರೋವಾಗಲೇ 370 ಹಾರ್ಸ್‌ಪವರ್, 800 ಪೌಂಡ್-ಫೀಟ್ ಟಾರ್ಕ್ ಇರೋ ಗಾಡಿ, ಇಷ್ಟಕ್ಕೂ ಟ್ಯೂನರ್ (ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾಯಿಸಿ ಪವರ್ ಏರಿಸೋ ಸಾಧನ) ಯಾಕೆ ಬೇಕು ಅಂತ ಕೇಳಿದ್ರೆ ಕೇಳೋದರಲ್ಲಿ ತಪ್ಪೇನಿಲ್ಲ, ನನ್ನ ಹೆಂಡ್ತಿನೂ ಮೊದಲು ಕೇಳಿದ್ದು ಅದನ್ನೇ. "ರೀ, ಈಗ ಏನ್ ಕಮ್ಮಿಯಾಗಿದೆ ಗಾಡಿಗೆ?"

ನಾವಿರೋದು ಅಮೆರಿಕಾದ ಕೊಲೊರಾಡೋದಲ್ಲಿ, ಡೆನ್ವರ್ ಪಕ್ಕ. ಬೇಸಿಗೆ ಬಂತು ಅಂದ್ರೆ ಹಿಂದೆ ಟ್ರಾವೆಲ್ ಟ್ರೇಲರ್ ಸಿಗಿಸ್ಕೊಂಡು ಐ-70 ಹೆದ್ದಾರಿ ಹಿಡಿದು ಗ್ರ್ಯಾಂಡ್ ಜಂಕ್ಷನ್, ಮೋಯಾಬ್ ಅಂತ ಹೊರಡ್ತೀವಿ. ಟ್ರೇಲರ್ ನೀರು, ಸಾಮಾನು, ಮಕ್ಕಳ ಸೈಕಲ್ಲು ಎಲ್ಲ ಸೇರಿ 9,000 ಪೌಂಡ್ ಹತ್ರ ಬರುತ್ತೆ. ಈ ರಸ್ತೆ ಗೊತ್ತಿಲ್ಲದೋರಿಗೆ ಹೇಳ್ಬೇಕು ಅಂದ್ರೆ, ಡೆನ್ವರ್ ಇರೋದೇ 5,280 ಅಡಿ ಎತ್ತರದಲ್ಲಿ, ಅಲ್ಲಿಂದ ಐಸೆನ್‌ಹವರ್ ಟನೆಲ್ ತಲುಪೋ ಹೊತ್ತಿಗೆ 11,000 ಅಡಿ ದಾಟಿರ್ತೀವಿ, ವಾಪಸ್ ಬರೋವಾಗ ಸಿಲ್ವರ್‌ಥಾರ್ನ್‌ನಿಂದ ಅದೇ ಟನೆಲ್ಲಿಗೆ ಸುಮಾರು 8 ಮೈಲಿ ಏರು, 7 ಪರ್ಸೆಂಟ್ ತನಕ. ಅಲ್ಲಿ ನನ್ನ ಗಾಡಿ ಐದನೇ ಗೇರು ನಾಲ್ಕನೇ ಗೇರು ಅಂತ ಒದ್ದಾಡುತ್ತೆ, ಫ್ಯಾನ್ ಹಿಡ್ಕೊಂಡು ವಿಮಾನದ ಸದ್ದು ಮಾಡುತ್ತೆ, ಸ್ಪೀಡು ಇಳೀತಾ ಇಳೀತಾ ಲಾರಿಗಳ ಸಾಲಿಗೆ ಸೇರ್ಕೊಳ್ಳುತ್ತೆ. ಇದು ಸರಿ ಹೋಗ್ಬೇಕು ಅನ್ನೋದಷ್ಟೇ ನನ್ನ ಆಸೆ, ಸಿಗ್ನಲ್ಲಲ್ಲಿ ಯಾರ ಜೊತೆನೂ ರೇಸ್ ಮಾಡೋದಿರಲಿಲ್ಲ.

ಕಂಪನಿಯ 5 ವರ್ಷ ಅಥವಾ 1 ಲಕ್ಷ ಮೈಲಿ ಇಂಜಿನ್ ವಾರಂಟಿ ಮುಗಿದು ಹೋಗಿತ್ತು, ಹಾಗಾಗಿ ಆ ಭಯ ಇಲ್ಲ. ವಾರಂಟಿ ಇರೋರು ಮಾತ್ರ ಇದನ್ನ ಎರಡು ಸಲ ಯೋಚ್ನೆ ಮಾಡಿ. 1975ರ ಮ್ಯಾಗ್ನಸನ್-ಮಾಸ್ ಕಾನೂನು ಇದೆ, ಹೊರಗಿನ ಪಾರ್ಟ್ ಹಾಕಿದ್ದಕ್ಕೇ ವಾರಂಟಿ ತೆಗೆಯೋ ಹಾಗಿಲ್ಲ ಅಂತ ಟ್ಯೂನರ್ ಮಾರೋರು ಹೇಳ್ತಾರೆ, ನಿಜಾನೇ, ಆದ್ರೆ ಇಂಜಿನ್ ಕಂಪ್ಯೂಟರ್‌ಗೆ ಬೇರೆ ಫೈಲ್ ಹಾಕಿದ್ರೆ ಅದರ ಗುರುತು ಉಳಿಯುತ್ತೆ, ಆಮೇಲೆ ಪಿಸ್ಟನ್ ಕರಗಿದಾಗ ಅದಕ್ಕೂ ಟ್ಯೂನ್‌ಗೂ ಸಂಬಂಧ ಇದ್ಯೋ ಇಲ್ವೋ ಅನ್ನೋ ಜಗಳ ಆಡೋರು ನೀವೇ.

ತಿಪಟೂರಲ್ಲಿ ನಮ್ಮ ದೊಡ್ಡಪ್ಪ ಲಾರಿ ಇಟ್ಟಿದ್ರು, ಕೊಬ್ಬರಿ ಲೋಡು ಹೊಡೀತಿದ್ರು. ಅವರ ಕಾಲದಲ್ಲಿ ಪಿಕಪ್ ಸಾಲಲ್ಲ ಅಂದ್ರೆ ಮೈಕೋ ಪಂಪ್ ಬಿಚ್ಚಿಸಿ ಡೀಸೆಲ್ ಜಾಸ್ತಿ ಬಿಡೋ ಹಾಗೆ ಸೆಟ್ ಮಾಡಿಸೋದು, ಗಾಡಿ ಘಾಟಿ ಹತ್ತುತ್ತೆ, ಹಿಂದೆ ಬರೋ ಬಸ್ಸಿನೋರಿಗೆ ರಸ್ತೆ ಕಾಣಲ್ಲ, ಅಷ್ಟು ಹೊಗೆ. ಫೋನಲ್ಲಿ ಈ ವಿಷಯ ಬಂದಾಗ "ಏನ್ ಮಗಾ, ಅಮೆರಿಕಾದಲ್ಲೂ ಪಂಪ್ ಏರಿಸ್ತಾರಾ?" ಅಂದ್ರು. ಇಲ್ಲಿ ಲ್ಯಾಪ್‌ಟಾಪಲ್ಲಿ ಏರಿಸ್ತಾರೆ ದೊಡ್ಡಪ್ಪ ಅಂದೆ. ಹೊಗೆ? ಹೊಗೆ ಬರಲ್ಲ, ಸೈಲೆನ್ಸರಲ್ಲಿ ಡಿಪಿಎಫ್ ಅಂತ ಫಿಲ್ಟರ್ ಇರುತ್ತೆ, ಅದು ಮಸಿ ಎಲ್ಲ ತಿಂದ್ಕೊಳ್ಳುತ್ತೆ. "ಹಂಗಾದ್ರೆ ಎಷ್ಟು ದಿನ ತಿನ್ನುತ್ತೆ ಅದು?"

ನನಗೆ ಸಿಕ್ಕಿದ ಎಲ್ಲ ಸಲಹೆಗಳಿಗಿಂತ ಒಳ್ಳೇ ಪ್ರಶ್ನೆ ಅದು. ಯಾಕಂದ್ರೆ ನನ್ನ ಗಾಡಿಯಲ್ಲಿ ಡಿಪಿಎಫ್ ಇದೆ, ಸುಟ್ಟ ಗ್ಯಾಸಿನ ಒಂದು ಪಾಲನ್ನ ಮತ್ತೆ ಇಂಜಿನ್ನಿಗೇ ಕಳಿಸೋ ಈಜಿಆರ್ ಇದೆ, ಡೆಫ್ ಅನ್ನೋ ಯೂರಿಯಾ ದ್ರವ ಹಾಕಿ ಹೊಗೆಯಲ್ಲಿರೋ ವಿಷ ಗ್ಯಾಸು ಕಮ್ಮಿ ಮಾಡೋ ಎಸ್‌ಸಿಆರ್ ಇದೆ (ರ‍್ಯಾಮ್ ಪಿಕಪ್‌ಗಳಿಗೆ ಡೆಫ್ ಬಂದಿದ್ದು 2013ರಿಂದ). ಟ್ಯೂನ್ ಮಾಡಿ ಡೀಸೆಲ್ ಜಾಸ್ತಿ ಬಿಟ್ಟು ಗಾಳಿ ಅಷ್ಟೇ ಇದ್ರೆ ಮಸಿ ಜಾಸ್ತಿ, ಮಸಿ ಜಾಸ್ತಿಯಾದ್ರೆ ರೀಜೆನ್ ಜಾಸ್ತಿ, ಅಂದ್ರೆ ಫಿಲ್ಟರಲ್ಲಿರೋ ಮಸಿ ಸುಡೋಕೆ ಗಾಡಿ ಇನ್ನಷ್ಟು ಡೀಸೆಲ್ ಕುಡಿಯುತ್ತೆ. ಹೊರಗೆ ಹೊಗೆ ಕಾಣಲ್ಲ ಅಷ್ಟೇ, ಲೆಕ್ಕ ಒಳಗೆ ನಡೀತಿರುತ್ತೆ.

ಇಲ್ಲೇ ಡಿಲೀಟ್ ಅನ್ನೋ ವ್ಯವಹಾರ ಬರೋದು. ನಾನು ಹೋದ ಮೊದಲನೇ ಅಂಗಡಿಯಲ್ಲಿ ಗಾಡಿ ಯಾವ ವರ್ಷದ್ದು ಅಂತ ಕೇಳಿದ್ದೇ ಕೇಳಿದ್ದು, ಟ್ರೇಲರ್ ತೂಕ ಕೇಳಲಿಲ್ಲ, ಎಲ್ಲಿ ಓಡಿಸ್ತೀಯಾ ಕೇಳಲಿಲ್ಲ, ಸೀದಾ ಡಿಪಿಎಫ್ ಈಜಿಆರ್ ಎಲ್ಲ ಕಿತ್ತು ಪೈಪ್ ಹಾಕಿ ಫೈಲ್ ಹಾಕ್ಕೊಡ್ತೀನಿ, ಬಿಲ್ಲಲ್ಲಿ ಮಾತ್ರ 'ಆಫ್-ರೋಡ್ ಯೂಸ್' ಅಂತ ಬರೀತೀನಿ ಅಂದ. ಹೊಸದೇನಲ್ಲ ಬಿಡಿ, 2020ರಲ್ಲಿ ಇಲ್ಲಿನ ಪರಿಸರ ಇಲಾಖೆ ಇಪಿಎನೇ ಅಂದಾಜು ಮಾಡಿತ್ತು, ಹಿಂದಿನ ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಜಾಸ್ತಿ ಡೀಸೆಲ್ ಪಿಕಪ್‌ಗಳ ಎಮಿಷನ್ ಸಾಮಾನು ಕಿತ್ತಿದ್ದಾರೆ ಅಂತ. ಆದ್ರೆ ಕ್ಲೀನ್ ಏರ್ ಆಕ್ಟ್ ಪ್ರಕಾರ ಅದು ಅಪರಾಧ, ಜೊತೆಗೆ ನಮ್ಮ ಕೌಂಟಿಯಲ್ಲಿ ಡೀಸೆಲ್ ಗಾಡಿಗೂ ಎಮಿಷನ್ ಟೆಸ್ಟ್ ಇದೆ, ಮುಂದೆ ಮಾರೋಕೆ ಹೋದ್ರೂ ತಲೆನೋವು. ಅದೆಲ್ಲ ಬಿಡಿ, ಕ್ಯಾಂಪ್‌ಗ್ರೌಂಡಲ್ಲಿ ಗಾಡಿ ಹಿಂದೆನೇ ಮಕ್ಕಳು ಆಡ್ತಿರ್ತಾರೆ, ಆ ಹೊಗೆ ನನಗೆ ಬೇಡ. ಹಂಗಾಗಿ ಆ ಬಾಗಿಲು ಅವತ್ತೇ ಮುಚ್ಚಿದೆ.

ಉಳಿದಿದ್ದು ಏನು ಅಂತ ನೋಡಿದ್ರೆ, ಒಂದು, ಇನ್‌ಲೈನ್ ಮಾಡ್ಯೂಲ್. ಸೆನ್ಸರ್ ವೈರಿನ ಮಧ್ಯೆ ಕೂರೋ ಸಣ್ಣ ಡಬ್ಬಿ. ಕಾಮನ್ ರೈಲಲ್ಲಿ, ಅಂದ್ರೆ ಡೀಸೆಲ್ ಒತ್ತಡದಲ್ಲಿ ತುಂಬಿಡೋ ಪೈಪಲ್ಲಿ, ಇರೋ ಪ್ರೆಶರ್‌ಗಿಂತ ಕಮ್ಮಿ ಇದೆ ಅಂತ ಇಂಜಿನ್ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತೆ, ಅದು ನಂಬ್ಕೊಂಡು ಪ್ರೆಶರ್ ಏರಿಸುತ್ತೆ, ಡೀಸೆಲ್ ಜಾಸ್ತಿ ಬೀಳುತ್ತೆ. ಕಿತ್ತರೆ ಗಾಡಿ ಮೊದಲಿನ ಹಾಗೆ. ಇನ್ನೊಂದು, ಹ್ಯಾಂಡ್‌ಹೆಲ್ಡ್ ಟ್ಯೂನರ್, ಗಾಡಿ ಕಂಪ್ಯೂಟರ್ ಜೊತೆ ಮಾತಾಡೋ ಓಬಿಡಿ ಪೋರ್ಟಿಗೆ ಚುಚ್ಚಿದ್ರೆ ಕಂಪನಿ ಫೈಲನ್ನ ತನ್ನಲ್ಲಿ ಉಳಿಸ್ಕೊಂಡು ಬೇರೆ ಫೈಲ್ ಬರೆಯುತ್ತೆ, ಎಷ್ಟು ಡೀಸೆಲ್, ಯಾವಾಗ ಸ್ಪ್ರೇ ಆಗ್ಬೇಕು, ಟರ್ಬೋ ಹೆಂಗೆ ಕೆಲಸ ಮಾಡ್ಬೇಕು, ಎಲ್ಲ ಅದರಲ್ಲಿರುತ್ತೆ. ಟೋ, ಎಕಾನಮಿ, ಪರ್ಫಾರ್ಮೆನ್ಸ್ ಅಂತ ಲೆವೆಲ್‌ಗಳು ರೆಡಿ ಇರ್ತಾವೆ, ಒಂದು ಗಾಡಿಗೆ ಹಾಕಿದ್ಮೇಲೆ ಆ ಗಾಡಿಯ ವಿನ್ (ಗಾಡಿ ಗುರುತಿನ) ನಂಬರ್‌ಗೆ ಲಾಕ್ ಆಗಿಬಿಡುತ್ತೆ. ಮೂರನೇದು ಕಸ್ಟಮ್ ಟ್ಯೂನ್, ನಿಮ್ಮ ಗಾಡಿಯ ಡೇಟಾ ಲಾಗ್ ನೋಡಿ ನಿಮಗೇ ಅಂತ ಬರ್ಕೊಡೋದು. ಮತ್ತೆ ನಾಲ್ಕನೇದನ್ನ ಟ್ಯೂನರ್ ಅನ್ನೋಕಾಗಲ್ಲ, ಬರೀ ಮಾನಿಟರ್, ಇಂಜಿನ್ ಮುಟ್ಟಲ್ಲ, ಏನು ನಡೀತಿದೆ ಅಂತ ತೋರಿಸುತ್ತೆ ಅಷ್ಟೇ.

ನಾನು ಶುರು ಮಾಡಿದ್ದು ನಾಲ್ಕನೇದರಿಂದ. ಎಡ್ಜ್ ಕಂಪನಿಯ ಇನ್‌ಸೈಟ್ ಸಿಟಿಎಸ್3, ಗ್ಲಾಸ್ ಮೇಲೆ ಅಂಟಿಸೋ ಟಚ್‌ಸ್ಕ್ರೀನು. ಸ್ನೇಹಿತ ಒಬ್ಬ ನಕ್ಕ, ಪವರ್ ಬೇಕು ಅಂತ ಹೋಗಿ ಟಿವಿ ತಂದಿದ್ಯಲ್ಲೋ ಅಂತ. ನಗಲಿ. ಮೈ ಎಷ್ಟು ಬಿಸಿಯಾಗ್ತಿದೆ ಅಂತಾನೇ ಗೊತ್ತಿಲ್ದೆ ಇನ್ನೊಂದಿಷ್ಟು ಬೆಂಕಿ ಹಾಕಿ ಅಂತ ದುಡ್ಡು ಕೊಡೋದು ನನಗೆ ಆಗದ ಕೆಲಸ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ತುಂಬ ಜನ ಗಮನ ಕೊಡಲ್ಲ. ಡೀಸೆಲ್‌ನೋರು ಹಗಲೂ ರಾತ್ರಿ ಮಾತಾಡೋದು ಇಜಿಟಿ ಬಗ್ಗೆ, ಸುಟ್ಟು ಹೊರಗೆ ಬರೋ ಗ್ಯಾಸಿನ ಟೆಂಪರೇಚರ್. ಪಿಸ್ಟನ್ ಅಲ್ಯೂಮಿನಿಯಂ, ಟರ್ಬೋಗೆ ಮುಂಚೆ ಅಳೆದಾಗ 1,250ರಿಂದ 1,300 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಅಲ್ಲೇ ನಿಲ್ಲಬಾರದು ಅನ್ನೋದು ಎಲ್ಲರೂ ಹೇಳೋ ಲೆಕ್ಕ. ಆದ್ರೆ ಕಂಪನಿಯೋರು ಗಾಡಿಯಲ್ಲಿ ಇಟ್ಟಿರೋ ಇಜಿಟಿ ಸೆನ್ಸರ್‌ಗಳು ಇರೋದು ಟರ್ಬೋ ದಾಟಿ ಕೆಳಗೆ, ಡಿಪಿಎಫ್ ಹತ್ರ, ಅವು ಫಿಲ್ಟರ್ ಕಾಯೋಕೆ ಇರೋದು, ಇಂಜಿನ್ ಕಾಯೋಕಲ್ಲ. ಲೋಡ್ ಇದ್ದಾಗ ಅಲ್ಲಿ ತೋರಿಸೋದು ನಿಜವಾದ್ದಕ್ಕಿಂತ ಎರಡು ಮೂರು ನೂರು ಡಿಗ್ರಿ ಕಮ್ಮಿ, ಜ್ವರ ಇದ್ಯಾ ಅಂತ ಕಂಬಳಿ ಮೇಲೆ ಕೈಯಿಟ್ಟು ನೋಡಿದ ಹಾಗೆ. ಹಾಗಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತೂತು ಹಾಕಿ ಥ್ರೆಡ್ ಮಾಡಿ ಬೇರೆ ಪ್ರೋಬ್ ಕೂರಿಸ್ಬೇಕು. ಡ್ರಿಲ್ ಮಾಡಿದ ಲೋಹದ ಪುಡಿ ಒಳಗೆ ಹೋದ್ರೆ ಟರ್ಬೋ ಬ್ಲೇಡಿಗೆ ಬಡಿಯುತ್ತೆ, ಅದಕ್ಕೆ ಡ್ರಿಲ್ ಬಿಟ್ಟಿಗೆ ಗ್ರೀಸ್ ಮೆತ್ತಿ, ಅಯಸ್ಕಾಂತ ಇಟ್ಕೊಂಡು ನಿಧಾನಕ್ಕೆ ಮಾಡ್ತಾರೆ. ನಾನು ಯೂಟ್ಯೂಬ್ ನೋಡಿ ಧೈರ್ಯ ಬರಲಿಲ್ಲ ಅಂತ ಮೆಕ್ಯಾನಿಕ್‌ಗೆ ಕೊಟ್ಟೆ, ಅವನು ಅರ್ಧ ದಿನದಲ್ಲಿ ಮುಗಿಸಿದ.

ಆ ಬೇಸಿಗೆ ಪೂರ್ತಿ ಟ್ಯೂನ್ ಇಲ್ದೆ ಟ್ರೇಲರ್ ಎಳೆದು ನೋಡ್ಕೊಂಡೆ. ಸಿಲ್ವರ್‌ಥಾರ್ನ್ ಏರಲ್ಲಿ ಕಾಲು ಪೂರ್ತಿ ಒತ್ತಿದ್ರೆ ಕಂಪನಿ ಫೈಲಲ್ಲೇ ಇಜಿಟಿ 1,250ರ ಹತ್ರ ಹೋಗ್ತಿತ್ತು! ಬೂಸ್ಟ್ (ಟರ್ಬೋ ತಳ್ಳೋ ಗಾಳಿಯ ಪ್ರೆಶರ್) 30 ಪಿಎಸ್‌ಐ ಹತ್ರ, ಅಂದ್ರೆ ಟರ್ಬೋ ಆಗಲೇ ಬೆವರು ಸುರಿಸ್ತಿದೆ, ಅಷ್ಟು ಎತ್ತರದಲ್ಲಿ ಗಾಳಿ ತೆಳ್ಳಗೆ, ಅದು ಮಾಡೋದಾದ್ರೂ ಏನನ್ನ. ಗೇರ್‌ಬಾಕ್ಸ್ ಎಣ್ಣೆ 200 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಏರ್ತಾ ಇತ್ತು, ಅದೂ ಗೇರು ಹಿಂದೆ ಮುಂದೆ ಬದಲಾಯಿಸಿ ಕನ್ವರ್ಟರ್ (ಇಂಜಿನ್ ಪವರನ್ನ ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಲಾಕ್ ಬಿಟ್ಟಾಗೆಲ್ಲ ಜಿಗೀತಿತ್ತು.

ಸ್ಕ್ರೀನ್ ನೋಡಿದ್ಮೇಲೆ ನನ್ನ ತಲೆಯಲ್ಲಿದ್ದ ಲೆಕ್ಕ ತಿರುವು ಮುರುವು ಆಯ್ತು. ಜಾಹೀರಾತಲ್ಲಿ ಬರೋ 100 ಹಾರ್ಸ್‌ಪವರ್ ಜಾಸ್ತಿ ಅನ್ನೋದನ್ನ ನಾನು ಆ ಏರಲ್ಲಿ ಬಳಸೋಕೇ ಆಗಲ್ಲ, ಬಳಸಿದ್ರೆ ಕರಗುತ್ತೆ. ಅಲ್ಲಿ ನನ್ನ ಗಾಡಿಗೆ ತೊಂದರೆ ಕೊಡ್ತಿದ್ದಿದ್ದು ಇಂಜಿನ್‌ಗಿಂತ ಹೆಚ್ಚಾಗಿ ಗೇರ್‌ಬಾಕ್ಸಿನ ಪರದಾಟ. ಇನ್ನು ಪವರ್ ಉಪಯೋಗಕ್ಕೆ ಬರೋ ಜಾಗ ಬೇರೆ, ರೈಫಲ್, ಪ್ಯಾರಶೂಟ್ ಅನ್ನೋ ಊರುಗಳ ಕಡೆ ಎತ್ತರ ಕಮ್ಮಿ ಇರೋ ಕಡೆ ಸಣ್ಣ ಸಣ್ಣ ಉಬ್ಬು ಬರ್ತಾವಲ್ಲ, ಅಲ್ಲಿ ಗೇರ್ ಇಳಿಸದೆ ಎಳೆಯೋ ಹಾಗಿದ್ರೆ ಆರಾಮು.

68ಆರ್‌ಎಫ್‌ಇ ಬಗ್ಗೆ ಒಂದು ಮಾತು. ಇದರಲ್ಲಿ ನಾಲ್ಕನೇ ಗೇರು ಸಮಸಮ, ಐದು 0.82, ಆರು 0.63, ಅಂದ್ರೆ ಇಂಜಿನ್ ಸುತ್ತಿದ್ದಕ್ಕಿಂತ ಹೊರಗಿನ ಶಾಫ್ಟ್ ಜಾಸ್ತಿ ಸುತ್ತೋ ಕೊನೇ ಎರಡೂ ಓವರ್‌ಡ್ರೈವ್. ಇದರ ಬಲಹೀನ ಜಾಗ ಓವರ್‌ಡ್ರೈವ್ ಕ್ಲಚ್ಚೇ. ಆರನೇ ಗೇರಲ್ಲಿ ಕಮ್ಮಿ ಆರ್‌ಪಿಎಂನಲ್ಲಿ ಕಾಲು ಒತ್ತಿ ಟ್ಯೂನ್ ಕೊಟ್ಟ ಟಾರ್ಕೆಲ್ಲ ಸುರಿದ್ರೆ ಮೊದಲು ಸ್ಲಿಪ್ ಆಗೋದು ಅದು. ಪವರ್ ಏರಿಸಿದೋರು ಸ್ವಲ್ಪ ದಿನಕ್ಕೆ ಗೇರ್‌ಬಾಕ್ಸ್ ಬಿಚ್ಚಿಸಿದ ಕಥೆಗಳಿಗೆ ಬರ ಇಲ್ಲ, ಬಿಚ್ಚಿಸೋದು ಅಂದ್ರೆ ಸಾವಿರಗಟ್ಟಲೆ ಡಾಲರ್. ಇಂಜಿನ್ ಟ್ಯೂನ್ ಆಯ್ಕೆ ಮಾಡೋವಾಗ ಗೇರ್‌ಬಾಕ್ಸ್ ಎಷ್ಟು ತಡೆಯುತ್ತೆ ಅನ್ನೋದನ್ನ ಕೇಳದೆ ಇರೋ ಅಂಗಡಿಗೆ ದೂರದಿಂದಲೇ ನಮಸ್ಕಾರ ಹೇಳಿ.

ನಾನು ಕೊನೆಗೆ ಒಪ್ಪಿದ ಟ್ಯೂನ್ ಮಾಡೋ ಮನುಷ್ಯ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ. ಆಕ್ಸೆಲ್ ರೇಶಿಯೋ ಎಷ್ಟು, 3.42ನಾ 3.73ನಾ? ಟೈರು ಕಂಪನಿ ಸೈಜೇನಾ? ಟ್ರೇಲರ್ ತೂಕ ಬ್ರೋಷರಲ್ಲಿರೋದಾ ಇಲ್ಲ ಸ್ಕೇಲ್ ಮೇಲೆ ಹಾಕಿ ನೋಡಿದ್ದಾ? ಯಾವ ಎತ್ತರದಲ್ಲಿ ಓಡಿಸ್ತೀಯಾ? ಎಕ್ಸಾಸ್ಟ್ ಬ್ರೇಕ್ (ಹೊಗೆ ದಾರಿ ಕಟ್ಟಿ ಇಂಜಿನ್ನಿಂದಲೇ ಗಾಡಿ ನಿಧಾನ ಮಾಡೋದು) ಆಟೋದಲ್ಲಿ ಇಡ್ತೀಯಾ ಫುಲ್ಲಲ್ಲಾ? ಲಾಗ್ ಕಳಿಸು ಅಂದ, ಕಳಿಸಿದೆ. ಎಲ್ಲ ನೋಡಿ ಅವನು ಹೇಳಿದ್ದು, ಇಂಜಿನ್ ಈಗ ಮುಟ್ಟಬೇಡ, ಮೊದಲು ಗೇರ್‌ಬಾಕ್ಸ್ ಕಂಪ್ಯೂಟರ್‌ಗೆ ಮಾತ್ರ ಫೈಲ್ ಹಾಕೋಣ ಅಂತ. ಲೈನ್ ಪ್ರೆಶರ್ (ಒಳಗಿನ ಕ್ಲಚ್ ಒತ್ತಿ ಹಿಡಿಯೋ ಎಣ್ಣೆ ಒತ್ತಡ) ಸ್ವಲ್ಪ ಜಾಸ್ತಿ, ಟೋ-ಹಾಲ್ ಅನ್ನೋ, ಲೋಡ್ ಎಳೆಯೋ ಮೋಡಲ್ಲಿ ಕನ್ವರ್ಟರ್ ಬೇಗ ಲಾಕ್ ಆಗಿ ಲಾಕಲ್ಲೇ ಇರೋದು, ಐದರಿಂದ ನಾಲ್ಕಕ್ಕೆ ಇಳಿದ್ರೆ ತಕ್ಷಣ ಮತ್ತೆ ಏರದೆ ಇರೋದು. ಅಷ್ಟೇ. ಜಾಸ್ತಿ ಮಾರೋ ಅವಕಾಶ ಇದ್ದೂ ಕಮ್ಮಿ ಮಾರಿದ ಮನುಷ್ಯ, ನನಗೆ ನಂಬಿಕೆ ಬಂದಿದ್ದು ಅದಕ್ಕೇ.

ಅದರ ಮುಂಚೆ ಡೀಲರ್ ಹತ್ರ ವಿನ್ ನಂಬರ್ ಕೊಟ್ಟು ಬಾಕಿ ಇರೋ ರೀಕಾಲ್, ಸಾಫ್ಟ್‌ವೇರ್ ಅಪ್‌ಡೇಟ್ ಎಲ್ಲ ಮುಗಿಸ್ಕೊಂಡೆ. ಇದು ಯಾಕೆ ಮುಖ್ಯ ಅಂದ್ರೆ, 2023ರ ಡಿಸೆಂಬರಲ್ಲಿ ಕಮಿನ್ಸ್ ಕಂಪನಿ ಎಮಿಷನ್ ಕೇಸಲ್ಲಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಕೊಂಡಿತಲ್ಲ, ಕ್ಲೀನ್ ಏರ್ ಆಕ್ಟ್ ಇತಿಹಾಸದಲ್ಲೇ ದೊಡ್ಡ ದಂಡ, ಅದರಲ್ಲಿ 2013ರಿಂದ 2019ರ ರ‍್ಯಾಮ್ 2500, 3500 ಗಾಡಿಗಳು ಆರು ಲಕ್ಷದ ಮೂವತ್ತು ಸಾವಿರ ಇದ್ವು, ಅವುಗಳನ್ನ ವಾಪಸ್ ಕರೆದು ಸರಿ ಮಾಡ್ಬೇಕು ಅನ್ನೋದೂ ಒಪ್ಪಂದದಲ್ಲಿತ್ತು. (ಜನ ಡಿಪಿಎಫ್ ಕಿತ್ತರೆ ಅಪರಾಧ, ಕಂಪನಿಯೋರು ಸಾಫ್ಟ್‌ವೇರಲ್ಲೇ ಆಟ ಆಡಿದ್ರೆ ಒಪ್ಪಂದ, ಇದನ್ನ ಇಲ್ಲಿ ಟ್ರಕ್ಕಿನೋರು ಇನ್ನೂ ಆಡ್ಕೊಳ್ತಾರೆ, ಆಡ್ಕೊಳ್ಳಲಿ.) ನೀವು ಮೊದಲು ಟ್ಯೂನ್ ಹಾಕಿ ಆಮೇಲೆ ಡೀಲರ್ ಹೊಸ ಫೈಲ್ ಬರೆದ್ರೆ ನಿಮ್ಮ ಟ್ಯೂನ್ ಹೋಯ್ತು, ಹ್ಯಾಂಡ್‌ಹೆಲ್ಡಲ್ಲಿ ಉಳಿಸಿದ ಹಳೇ ಕಂಪನಿ ಫೈಲಿಗೂ ಈಗಿನದಕ್ಕೂ ತಾಳೆ ಆಗಲ್ಲ, ಸಪೋರ್ಟಿಗೆ ಫೋನ್ ಮಾಡ್ಕೊಂಡು ಕೂರ್ಬೇಕು. ಹಾಗಾಗಿ ಡೀಲರ್ ಕೆಲಸ ಮೊದಲು.

ಗೇರ್‌ಬಾಕ್ಸ್ ಫೈಲ್ ಹಾಕಿದ್ಮೇಲೆ ಅದೇ ಏರಲ್ಲಿ ಅರ್ಧ ದೂರು ಹೋಯ್ತು. ನಾಲ್ಕಕ್ಕೆ ಇಳಿದು ಅಲ್ಲೇ ನಿಲ್ಲುತ್ತೆ, ಒಂದೇ ಸದ್ದಲ್ಲಿ ಹತ್ತುತ್ತೆ, ಎಣ್ಣೆ ಟೆಂಪರೇಚರ್ ಮೊದಲಿನ ಥರ ಜಿಗಿಯಲ್ಲ. ಹೆಂಡ್ತಿಗೆ ಹಾರ್ಸ್‌ಪವರ್ ಲೆಕ್ಕ ಬೇಡ, ಅವಳು "ಇವತ್ತು ಗಾಡಿ ಗಲಾಟೆ ಮಾಡ್ತಿಲ್ವಲ್ಲ" ಅಂದಳು, ನನಗೆ ಪವರ್ ಅಳೆಯೋ ಡೈನೋ ಶೀಟಿಗಿಂತ ಅದು ಸಾಕಾಯ್ತು.

ಇಂಜಿನ್‌ಗೆ ಆಮೇಲೆ ಒಂದು ಹ್ಯಾಂಡ್‌ಹೆಲ್ಡ್ ತಗೊಂಡೆ. ಬ್ರ್ಯಾಂಡ್ ಹೆಸರು ಹೇಳಲ್ಲ, ಬೇಜಾರಾಗ್ಬೇಡಿ, ಒಂದೇ ಕಂಪನಿಯ ಒಂದೇ ಡಬ್ಬಿ 2012ರ ಗಾಡಿಗೆ ಒಂಥರ, 2016ಕ್ಕೆ ಒಂಥರ, 2019ರ ಮೇಲಿನದಕ್ಕೆ ಇನ್ನೊಂಥರ, ನಾನು ಹೆಸರು ಹೇಳಿ ನೀವು ಬೇರೆ ಗಾಡಿಗೆ ಹಾಕಿ ಆಮೇಲೆ ನನ್ನ ಬೈಬೇಡಿ. ನಾನು ನೋಡಿದ್ದು ಏನು ಅಂತ ಹೇಳ್ತೀನಿ. ಮೊದಲನೇದಾಗಿ ಕಾರ್ಬ್ ಇಓ ನಂಬರ್, ಅಂದ್ರೆ ಕ್ಯಾಲಿಫೋರ್ನಿಯಾದ ಏರ್ ರಿಸೋರ್ಸಸ್ ಬೋರ್ಡ್ ಪರೀಕ್ಷೆ ಮಾಡಿ ಇದರಿಂದ ಎಮಿಷನ್ ಕೆಡಲ್ಲ ಅಂತ ಕೊಡೋ ಎಕ್ಸಿಕ್ಯೂಟಿವ್ ಆರ್ಡರ್. ನಾವು ಕೊಲೊರಾಡೋದಲ್ಲಿ ಇದ್ರೂ ಇಪಿಎ ಅದನ್ನ ಒಪ್ಪುತ್ತೆ. ಡಬ್ಬಿ ಮೇಲೆ '50 ಸ್ಟೇಟ್ ಲೀಗಲ್' ಅಂತ ಅಚ್ಚು ಹಾಕಿದ್ರೆ ಸಾಲದು, ಆ ನಂಬರ್ ತಗೊಂಡು ಬೋರ್ಡಿನ ಸೈಟಲ್ಲಿ ಹಾಕಿ ನಿಮ್ಮ ವರ್ಷ, ನಿಮ್ಮ ಇಂಜಿನ್ ಪಟ್ಟಿಯಲ್ಲಿ ಇದ್ಯಾ ನೋಡಿ, ಎಷ್ಟೋ ಸಲ ಇರಲ್ಲ. ಎರಡನೇದು, ಇಜಿಟಿ ಮಿತಿ ದಾಟಿದ್ರೆ ತಾನೇ ಡೀಸೆಲ್ ಕಮ್ಮಿ ಮಾಡೋ ವ್ಯವಸ್ಥೆ ಇರ್ಬೇಕು, ಆ ಮಿತಿ ನಾವು ಇಡೋ ಹಾಗಿರ್ಬೇಕು. ಮೂರನೇದು ನನಗೆ ಎಲ್ಲಕ್ಕಿಂತ ಮುಖ್ಯ, ಎಕ್ಸಾಸ್ಟ್ ಬ್ರೇಕು. ಈ ಇಂಜಿನ್ನಲ್ಲಿ ಟರ್ಬೋನೇ ವೇನ್ ಮುಚ್ಚಿ ಬ್ರೇಕ್ ಆಗಿ ಕೆಲಸ ಮಾಡೋದು, ಟರ್ಬೋ ಕಂಟ್ರೋಲ್ ಮುಟ್ಟೋ ಟ್ಯೂನ್ ಅದನ್ನ ಕೆಡಿಸಬಾರದು. ಟನೆಲ್ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯೋವಾಗ ರಸ್ತೆ ಪಕ್ಕ ಬ್ರೇಕ್ ಹೋದ ಲಾರಿಗಳಿಗೆ ಅಂತ ಜಲ್ಲಿ ತುಂಬಿದ ರ‍್ಯಾಂಪ್ ಕಟ್ಟಿದ್ದಾರೆ, ಸುಮ್ನೆ ಕಟ್ಟಿಲ್ಲ. ಶಿರಾಡಿ ಘಾಟಿ ಇಳಿಸಿದ ದೊಡ್ಡಪ್ಪನಿಗೆ ಇದನ್ನ ವಿವರಿಸೋ ಕಷ್ಟ ಇರಲಿಲ್ಲ, ಹತ್ತೋದನ್ನ ಗಾಡಿ ನೋಡ್ಕೊಳ್ಳುತ್ತೆ, ಇಳಿಸೋದು ನೀನು ನೋಡ್ಕೋ ಅಂತ ಅವರೇ ಹೇಳಿದ್ರು.

ಹಾಕಿದ್ದು ಅತಿ ಕಮ್ಮಿ ಇರೋ ಟೋ ಲೆವೆಲ್. ಮೇಲಿನ ಲೆವೆಲ್‌ಗಳು ಖಾಲಿ ಗಾಡಿಗೆ ಮಜಾ ಕೊಡ್ತಾವಂತೆ, ಇರಲಿ. ಕೆಳಗಿನ ರಸ್ತೆಗಳಲ್ಲಿ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ, ಉಬ್ಬುಗಳಲ್ಲಿ ಐದನೇ ಗೇರಲ್ಲೇ ಎಳ್ಕೊಂಡು ಹೋಗುತ್ತೆ. ದೊಡ್ಡ ಏರಲ್ಲಿ ಮಾತ್ರ ಹೆಚ್ಚೇನಿಲ್ಲ, ಗಂಟೆಗೆ ಐದು ಮೈಲಿ ಜಾಸ್ತಿ ಸಿಕ್ಕಿರ್ಬಹುದು, ಆಮೇಲೆ ಇಜಿಟಿ ನೋಡ್ಕೊಂಡು ಕಾಲು ಹಿಂದಕ್ಕೆ ತೆಗೀಲೇಬೇಕು. ಮೈಲೇಜು? ಟ್ರೇಲರ್ ಇದ್ದಾಗ ಗ್ಯಾಲನ್‌ಗೆ 9, 10 ಮೈಲಿ ಇತ್ತು, ಈಗಲೂ ಅಷ್ಟೇ. ಟ್ಯೂನ್ ದುಡ್ಡು ಮೈಲೇಜಲ್ಲಿ ವಾಪಸ್ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಎದುರಿಗಿರೋ ಗಾಳಿ ತಡೆಯೋ ಟ್ರೇಲರ್ ಗೋಡೆ ಎಷ್ಟು ಅಗಲ ಇದೆ ಅಂತ ತೋರಿಸಿ. ರೀಜೆನ್ ಮೇಲೆ ಕಣ್ಣಿಟ್ಟಿದ್ದೀನಿ, ಈ ಲೆವೆಲಲ್ಲಿ ಮೊದಲಿಗಿಂತ ಬೇಗ ಬೇಗ ಬರ್ತಿಲ್ಲ.

ಮತ್ತೆ ಟ್ಯೂನ್ ಹಾಕಿದ್ರೆ ಇನ್ನೂ ದೊಡ್ಡ ಟ್ರೇಲರ್ ಎಳೀಬಹುದಾ ಅಂತ ಕೇಳೋರಿಗೆ, ಇಲ್ಲ. ಡ್ರೈವರ್ ಬಾಗಿಲು ತೆಗೆದ್ರೆ ಹಳದಿ ಸ್ಟಿಕ್ಕರ್ ಇರುತ್ತೆ, ಅದರಲ್ಲಿರೋ ಪೇಲೋಡ್ (ಗಾಡಿ ಹೊರಬಹುದಾದ ತೂಕ) ಸಂಖ್ಯೆ ಯಾವ ಲ್ಯಾಪ್‌ಟಾಪಿಂದಲೂ ಬದಲಾಗಲ್ಲ. ನನ್ನ 2500ಗೆ ಒಟ್ಟು ಗಾಡಿ ತೂಕದ ಮಿತಿ 10,000 ಪೌಂಡ್, ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಟ್ರೇಲರ್ ಸಿಗಿಸೋ ಹಿಚ್ ಮೇಲೆ ಕೂರುತ್ತೆ, ಟ್ರಕ್ಕಿನ ಬೆಡ್ ಮೇಲೆ ಕೂರೋ ಫಿಫ್ತ್ ವೀಲ್ ಟ್ರೇಲರ್ ಆದ್ರೆ ಇನ್ನೂ ಜಾಸ್ತಿ, ಅದರ ಮೇಲೆ ಸಂಸಾರ, ನಾಯಿ, ಕೂಲರ್. ಇಂಜಿನ್‌ಗಿಂತ ಮುಂಚೆ ಸ್ಟಿಕ್ಕರ್ ಸಾಕು ಅನ್ನುತ್ತೆ.

ಈಗ ಅದೇ ನಕ್ಕಿದ್ದ ಸ್ನೇಹಿತ 2022ರ ಶೆವಿ ತಗೊಂಡಿದ್ದಾನೆ, ಎಲ್5ಪಿ ಡ್ಯುರಾಮ್ಯಾಕ್ಸ್, 445 ಹಾರ್ಸ್‌ಪವರ್, 910 ಪೌಂಡ್-ಫೀಟ್, ಹತ್ತು ಗೇರಿನ ಆಲಿಸನ್. ಅದರ ಇಂಜಿನ್ ಕಂಪ್ಯೂಟರ್ ಕಂಪನಿಯೋರೇ ಬೀಗ ಹಾಕಿರೋದು, ಹೊಸ ಫೈಲ್ ಬರೀಬೇಕು ಅಂದ್ರೆ ಮೊದಲು ಅನ್‌ಲಾಕ್ ಮಾಡಿಸ್ಬೇಕು, ಸಾಲದ್ದಕ್ಕೆ ವಾರಂಟಿ ಇನ್ನೂ ಉಳಿದಿದೆ. "ಮಗಾ, ಒಂದು ಸಣ್ಣ ಟ್ಯೂನ್ ಹಾಕ್ಸೋಣ್ವಾ?" ಅಂತ ಶುರು ಮಾಡಿದ್ದ, ಮೊದಲು ನನ್ನ ಥರ ಟಿವಿ ಹಾಕ್ಕೊಳ್ಳೋ ಅಂದೆ. ಆರ್ಡರ್ ಮಾಡಿದ್ದಾನೆ, ಶನಿವಾರ ಅವನ ಗ್ಯಾರೇಜಲ್ಲಿ ವೈರ್ ಎಳೆಯೋ ಕೆಲಸ ನಂದು, ಊಟ ಅವರ ಮನೇದು.